ಮೂರನೆಯ ತೂಬು

ಆ ಸಾಲನ್ನು ಬರೆದವನು ನಾನೇ, ಪವಿತ್ರಾ. "ಈ ಕೆರೆಯನ್ನು ಪಟೇಲ ಮರಿಗೌಡರು ಕಟ್ಟಿಸಿದರು, ಇದಕ್ಕೆ ಮೂರು ತೂಬುಗಳಿವೆ" — ನೀನು ಒಂಬತ್ತನೇ ತರಗತಿಯಲ್ಲಿದ್ದಾಗ, ಇದನ್ನು ಮೊದಲು ಬರೆದವರು ಯಾರಿರಬಹುದು ಎಂದು ನನ್ನನ್ನೇ ಕೇಳಿದೆಯಲ್ಲ, ಆ ಸಾಲು. ನೀನು ಕೇಳಿದಾಗ ನಾನು ನಿನ್ನೆದುರಿಗೇ ಕೂತಿದ್ದೆ. ನಾನು ಎನ್ನಲು ಎಷ್ಟು ಹೊತ್ತು ಬೇಕು? ಹೇಳಲಿಲ್ಲ. ಬದಲಿಗೆ ನಿನ್ನ ವರದಿಯಿಂದ ನಾಲ್ಕು ಪುಟ ಕಿತ್ತೆ.

ಇಷ್ಟನ್ನು ಮೊದಲೇ ಹೇಳಿಬಿಟ್ಟೆ. ಸುತ್ತುಬಳಸಿ ಹೋದರೆ ನಡುವೆ ಎಲ್ಲಾದರೂ ತಪ್ಪಿಸಿಕೊಂಡುಬಿಡುತ್ತೇನೆ — ಮೂವತ್ತು ವರ್ಷ ಪಾಠ ಹೇಳಿದವನಿಗೆ ಮಾತು ಬೇರೆ ಕಡೆ ತಿರುಗಿಸುವುದು ಚೆನ್ನಾಗಿ ಗೊತ್ತು.

ನಿನಗೆ ಗೊತ್ತಿರುವುದೇ, ಆದರೂ ಇದನ್ನು ಓದುವ ಬೇರೆಯವರಿಗಾಗಿ ಎರಡು ಮಾತು. ನಾನು ಕಂಪಲಾಪುರದಿಂದ ಆಚೆಗಿರುವ ನಮ್ಮೂರಿನ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುವ ಮೇಷ್ಟ್ರು, ಅದೇ ಊರಿನ ಪಟೇಲರ ಮನೆಯವನು. ನೀನು ಜವರಯ್ಯನವರ ಮೊಮ್ಮಗಳು. ಜವರಯ್ಯನವರದು ನೀರುಗಂಟಿ ಮನೆತನ. ಕೆರೆಗೆ ಇಳಿದು ನೀರು ಬಿಡುವ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವುದು, ಹೊತ್ತಾದ ಮೇಲೆ ಮುಚ್ಚುವುದು — ಎಲ್ಲವೂ ಅವರದೇ ಕೆಲಸ. ಸುಗ್ಗಿಯಲ್ಲಿ ಕಣದಿಂದ ಅವರ ಪಾಲಿನ ಭತ್ತ ಹೋಗುತ್ತಿತ್ತು. ನಮ್ಮ ಮನೆಯವರು ಕೆರೆ ಏರಿಯ ಮೇಲೆ ಓಡಾಡಿದವರೇ ಹೊರತು ನೀರಿಗೆ ಇಳಿದವರಲ್ಲ. ಅದು ನಮ್ಮ ಕೆಲಸವಲ್ಲ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಯೂ ಇರಲಿಲ್ಲ.

ಹತ್ತು ವರ್ಷಕ್ಕೂ ಹಿಂದೆ ಮೈಸೂರಿನಲ್ಲಿ ಮೇಷ್ಟ್ರುಗಳಿಗೆ ಎರಡು ದಿನದ ಕಾರ್ಯಾಗಾರ ನಡೆಯಿತು. ಅಂತರ್ಜಾಲದಲ್ಲಿ ಕನ್ನಡದ ಮಾಹಿತಿ ಕಡಿಮೆ, ನಿಮ್ಮ ನಿಮ್ಮ ಊರಿನ ಬಗ್ಗೆ ಒಂದೊಂದು ಪುಟ ಬರೆಯಿರಿ ಎಂದರು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಜಾಲತಾಣ ಅದು. ಸಂಜೆ ಐದಕ್ಕೆ ಪುಟ ಮುಗಿಯಬೇಕು. ನಾಲ್ಕೂವರೆಗೆ ನನ್ನ ಪುಟದಲ್ಲಿ ಇದ್ದದ್ದು ಊರಿನ ಹೆಸರು, ಬಸ್ಸಿನ ದಾರಿ, ಇಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ ಎಂಬ ಒಂದು ವಾಕ್ಯ. ಪಕ್ಕದಲ್ಲಿ ಕೆ.ಆರ್. ನಗರದ ಮೇಷ್ಟ್ರೊಬ್ಬರು ತಮ್ಮೂರಿನ ದೇವಸ್ಥಾನ, ಶಾಸನ, ನಾಲೆ ಎಂದು ತಲೆ ಎತ್ತದೆ ಕುಟ್ಟುತ್ತಿದ್ದರು. ನನಗೆ ಹೊಟ್ಟೆ ಉರಿಯಿತು. ನಮ್ಮೂರಿಗೂ ಒಂದು ಚರಿತ್ರೆ ಇರಬೇಡವೇ?

ಮರಿಗೌಡರು ನಮ್ಮ ಮುತ್ತಜ್ಜನ ಅಪ್ಪ. ಅವರ ಬಗ್ಗೆ ಮನೆಯಲ್ಲಿ ಉಳಿದಿದ್ದ ಸಂಗತಿ ಒಂದೇ — ಒಂದು ಹೊತ್ತಿಗೆ ಎಂಟು ಮುದ್ದೆ ಉಣ್ಣುತ್ತಿದ್ದರಂತೆ. ಅಂಥವರ ಕೈಲಿ ಅರ್ಧ ಗಂಟೆಯೊಳಗೆ ಕೆರೆ ಕಟ್ಟಿಸಿದವನು ನಾನು. ಆಧಾರ ಕೊಡದಿದ್ದರೆ ಅಳಿಸಿಹಾಕುತ್ತಾರೆ ಎಂದು ಹೇಳಿಕೊಟ್ಟಿದ್ದರು. ಹಾಗಾಗಿ ಕೆಳಗೆ ಸೇರಿಸಿದೆ: "ಹಳೆಯ ಕೈಬರಹದ ದಾಖಲೆ, ಖಾಸಗಿ ಸಂಗ್ರಹ." ಖಾಸಗಿ ಸಂಗ್ರಹ ಎಂದರೆ ನಮ್ಮ ಅಟ್ಟದ ಮೇಲಿನ ಕಬ್ಬಿಣದ ಟ್ರಂಕು. ಅದರಲ್ಲಿ ಒಂದಿಷ್ಟು ಲಗ್ನಪತ್ರಿಕೆಗಳೂ ಒಡೆದ ಟಾರ್ಚೂ ಇದ್ದವು.

ಮೂರು ತೂಬು ಎಂದದ್ದು ಮಾತ್ರ ಬೇಕೆಂದು ಹೇಳಿದ ಸುಳ್ಳಲ್ಲ. ತೂಬಿರುವ ಕಡೆ ಕಲ್ಲುಕಂಬ ನಿಂತಿರುತ್ತದೆ; ಏರಿಯ ಮೇಲೆ ನಿಂತು ನೋಡಿದರೆ ನೀರಿನೊಳಗೆ ಮೂರು ಕಡೆ ಕಲ್ಲುಕಂಬ ಕಾಣುತ್ತಿತ್ತು. ಚಿಕ್ಕಂದಿನಿಂದ ಕಂಡದ್ದು. ಮೂರು ಎಂದು ಬರೆದೆ.

ಅಲ್ಲಿಂದ ಮುಂದಿನದು ನನ್ನ ಕೈಮೀರಿ ಹೋಯಿತು ಎಂದು ಬರೆಯಲು ಹೊರಟಿದ್ದೆ — ಇಲ್ಲ, ಅದೂ ಸುಳ್ಳು. ಪ್ರತಿ ಸಲವೂ ಒಂದು ಮಾತು ಹೇಳಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಒಂದು ದಿನಪತ್ರಿಕೆ ಊರೂರಿನ ಕೆರೆಗಳ ಬಗ್ಗೆ ವಾರಕ್ಕೊಂದು ಬರಹ ಹಾಕುತ್ತಿತ್ತು; ನಮ್ಮ ಕೆರೆಯ ಸರದಿ ಬಂದಾಗ ನನ್ನ ಪುಟವನ್ನೇ ಹೆಚ್ಚು ಕಡಿಮೆ ಇಳಿಸಿದ್ದರು. ಅಪ್ಪ ಆ ತುಂಡನ್ನು ಲ್ಯಾಮಿನೇಟ್ ಮಾಡಿಸಿ ನಡುಮನೆಯಲ್ಲಿ ನೇತುಹಾಕಿದರು. ವಾರ ಕಳೆಯುವುದರೊಳಗೆ, ಮರಿಗೌಡರು ಎಷ್ಟೊಂದು ಗಾಡಿ ಮಣ್ಣು ಹೊಡೆಸಿದರು ಎಂದು ತಮ್ಮ ಅಜ್ಜಿ ಹೇಳುತ್ತಿದ್ದುದು ಅಪ್ಪನಿಗೆ ನೆನಪಾಗತೊಡಗಿತು. ಬಂದವರಿಗೆಲ್ಲ ಹೇಳಿದರು. ನಾನು ಕಟ್ಟಿದ ಕಥೆ ನನ್ನ ಅಪ್ಪನ ನೆನಪಾಗಿಬಿಟ್ಟಿತ್ತು. ಅವರ ಆ ಮುಖ ನೋಡಿಕೊಂಡು — ಹೇಗೆ ಹೇಳಲಿ?

ಆಮೇಲೆ ಏರಿಯ ತುದಿಯಲ್ಲಿ ಹಳದಿ ಬೋರ್ಡು ಎದ್ದಿತು; ಅದರಲ್ಲೂ ಮರಿಗೌಡರು, ಅದರಲ್ಲೂ ಮೂರು ತೂಬು. ಅದಾದ ಮೇಲೆ ಯಾರೋ ಪುಣ್ಯಾತ್ಮರು ಜಾಲತಾಣದ ಪುಟಕ್ಕೆ ಹೋಗಿ, ನನ್ನ ಖಾಸಗಿ ಸಂಗ್ರಹವನ್ನು ತೆಗೆದು, ಆಧಾರದ ಜಾಗದಲ್ಲಿ ಪತ್ರಿಕೆಯ ಬರಹವನ್ನು ಹಾಕಿದರು. ಅಂದರೆ ಈಗ ನನ್ನ ಸುಳ್ಳಿಗೆ ಪತ್ರಿಕೆ ಸಾಕ್ಷಿ, ಪತ್ರಿಕೆಗೆ ನನ್ನ ಸುಳ್ಳು ಸಾಕ್ಷಿ.

ಇದೆಲ್ಲ ಹೀಗಿರುವಾಗಲೇ ನಾನು ತರಗತಿಯಲ್ಲಿ, ಅಂತರ್ಜಾಲದಲ್ಲಿ ಕಂಡದ್ದನ್ನೆಲ್ಲ ನಂಬಬೇಡಿ ಎಂದು ಪಾಠ ಮಾಡುತ್ತಿದ್ದೆ. ಬರೆದವರು ಯಾರು ಎಂದು ಕೇಳಿ. ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿ. ಇನ್ನೊಂದು ಕಡೆಯೂ ಅದೇ ಮಾತಿದ್ದರೆ ಕೂಡಲೇ ಹಿಗ್ಗಬೇಡಿ, ಅವರು ಬೇರೆಯಾಗಿ ತಿಳಿದು ಬರೆದರೋ ಇದನ್ನೇ ನೋಡಿ ಬರೆದರೋ ಎಂದು ಕೇಳಿ. ಒಳ್ಳೆಯ ಪಾಠವೇ. ಈಗಲೂ ಅದರಲ್ಲಿ ಒಂದು ಮಾತು ಬದಲಿಸಬೇಕಾಗಿಲ್ಲ. ಇಡೀ ತರಗತಿಯಲ್ಲಿ ಅದನ್ನು ಕಿವಿಗೆ ಹಾಕಿಕೊಂಡವಳು ನೀನೊಬ್ಬಳೇ — ನನ್ನ ಗ್ರಹಚಾರ.

ಪಿರಿಯಾಪಟ್ಟಣದಲ್ಲಿ ತಾಲ್ಲೂಕು ಮಟ್ಟದ ಯೋಜನಾ ವರದಿ ಸ್ಪರ್ಧೆ ಇತ್ತು. ಒಂದು ಶಾಲೆಯಿಂದ ಒಂದೇ ವರದಿ. ನೀನು "ನಮ್ಮೂರ ಕೆರೆ" ಎಂದು ಬರೆದು ತಂದೆ. ಹೊಗೆಸೊಪ್ಪು ಬೇಯಿಸುವ ಕಾಲ. ನಿಮ್ಮಮ್ಮ ಸೊಪ್ಪು ಬೇಯಿಸುವ ಗೂಡಾದ ಬ್ಯಾರನ್ನಿನ ಮುಂದೆ ಕೋಲಿಗೆ ಸೊಪ್ಪು ಪೋಣಿಸುವಾಗ ನೀನೂ ಪಕ್ಕದಲ್ಲೇ ಕೂತು ಬರೆದಿರಬೇಕು, ಪುಟಗಳ ಅಂಚಿನಲ್ಲಿ ಸೊಪ್ಪಿನ ಕಪ್ಪು ಅಂಟಿನ ಬೆರಳ ಗುರುತುಗಳಿದ್ದವು. ಸ್ಟಾಫ್ ರೂಮಿನಲ್ಲಿ ಆಗ ನಾನೊಬ್ಬನೇ. ನೀನು ವರದಿಯ ನಡುವಿನ ಪುಟ ತೆರೆದು ನನ್ನ ಮುಂದೆ ಇಟ್ಟೆ.

"ಸಾ, ಜಾಲತಾಣ, ಪೇಪರ್ರು, ಬೋರ್ಡು, ಮೂರ್ರಲ್ಲೂ ಒಂದೇ ತಪ್ಪು ಸಾ," ಎಂದೆ. "ಮೂರು ತೂಬು ಅಂತವೆ. ನಮ್ ಕೆರೆಗಿರದು ಎಲ್ಡೇ ತೂಬು. ಬ್ಯಾರೆಬ್ಯಾರೆಯಾಗಿ ತಿಳ್ಕಂಡು ಬರ್ದಿದ್ರೆ ಮೂರು ಜನಾನೂ ಅದೇ ತಪ್ಪು ಮಾಡ್ತಿರ್ಲಿಲ್ಲ ಅಲ್ವಾ ಸಾ? ಒಬ್ರು ಬರ್ದದ್ದ ಮಿಕ್ಕೋರು ನೋಡ್ಕಂಡು ಬರ್ದವ್ರೆ."

ನಾನು ಕೇಳಿದೆ, ಹಾಗಾದರೆ ಮೂರನೆಯದು ಏನು ಎಂದು. ನನಗೆ ನಿಜವಾಗಿ ಗೊತ್ತಿರಲಿಲ್ಲ.

"ಅದು ಅಳತೆ ಕಲ್ಲು ಸಾ. ಅದ್ರಲ್ಲಿ ನಾಕು ಗೆರೆ ಅವೆ. ನೀರು ಯಾವ್ ಗೆರೇಲಿ ನಿಂತದೆ ಅಂತ ನೋಡ್ಕಂಡು, ಈ ವರ್ಷ ಎಷ್ಟು ಗದ್ದೆಗೆ ನೀರು ಬುಡಬೋದು ಅಂತ ನಮ್ ತಾತ ಹೇಳ್ತಿದ್ರು. ಒಂದೊಂದು ಗೆರೆಗೂ ಒಂದೊಂದು ಲೆಕ್ಕ. ಎಲ್ಲಾ ಬರ್ದಿವ್ನಿ." ಆಮೇಲೆ ನನ್ನ ಕಡೆ ನೋಡದೆ ಹೇಳಿದೆ: "ಮೊದ್ಲು ಬರ್ದೋರು ಯಾರು ಸಾ? ಅವ್ರು ನೀರಿಗಿಳ್ದೋರಲ್ಲ. ಏರಿ ಮ್ಯಾಲೆ ನಿಂತ್ಕಂಡು ಎಣಿಸ್ದೋರು."

ನಿನಗೆ ಗೊತ್ತಿತ್ತೇ? ಇಷ್ಟು ವರ್ಷ ನಾನು ಈ ಪ್ರಶ್ನೆ ಕೇಳಿಕೊಂಡಿದ್ದೇನೆ. ಗೊತ್ತಿರಲಿಲ್ಲ ಎಂದೇ ನನ್ನ ನಂಬಿಕೆ — ನೀನು ಬರೀ ಸರಿಯಾಗಿ ಯೋಚಿಸಿದ್ದೆ, ಅಷ್ಟೇ. ಅಪರಾಧಿ ಎದುರಿಗಿದ್ದಾನೆಂದು ತಿಳಿಯದೆ ಅವನ ಹೆಜ್ಜೆ ಗುರುತನ್ನು ಅವನಿಗೇ ತೋರಿಸಿದ್ದೆ. ಇಂಥ ವಿದ್ಯಾರ್ಥಿ ಒಬ್ಬ ಮೇಷ್ಟ್ರ ಜೀವಮಾನದಲ್ಲಿ ಎಷ್ಟು ಸಲ ಸಿಗುತ್ತಾರೆ ಹೇಳು. ನಾನು ಎದ್ದು ನಿಂತು ಬೆನ್ನು ತಟ್ಟಬೇಕಿತ್ತು. ನನ್ನ ಬಾಯಿಂದ ಬಂದದ್ದು ಇದು:

"ನಿಮ್ಮ ತಾತ ಹೇಳಿದ್ದು ಆಧಾರ ಆಗಲ್ಲಮ್ಮ. ಎಲ್ಲಾದರೂ ಅಚ್ಚಾಗಿರಬೇಕು."

ನಾನು ಇನ್ನೂ ಏನೇನೋ ಹೇಳಿದೆ — ತೀರ್ಪುಗಾರರು ಒಪ್ಪುವುದಿಲ್ಲ, ವಯಸ್ಸಾದವರಿಗೆ ಮರೆವು ಇರುತ್ತದೆ, ಮೂರು ಕಡೆ ಇರುವುದನ್ನು ಒಬ್ಬರ ಮಾತಿನ ಮೇಲೆ ತಳ್ಳಿಹಾಕುವುದು ಸಂಶೋಧನೆಯಲ್ಲ. ಮಾತು ಗಂಭೀರವಾಗಿಯೇ ಇತ್ತು. ಹೇಳುತ್ತಲೇ ಸ್ಪೈರಲ್ ಬೈಂಡಿಂಗಿನಿಂದ ಆ ನಾಲ್ಕು ಪುಟ ಕಿತ್ತು, ಮಡಚಿ, ಮೇಜಿನ ಡ್ರಾಯರಿಗೆ ಹಾಕಿದೆ. ಮೊದಲ ಗೆರೆ, ಎರಡನೆಯ ಗೆರೆ ಎಂದು ಎರಡು ಸಾಲು ಕಣ್ಣಿಗೆ ಬಿದ್ದಿತ್ತು, ಮುಂದೆ ಓದಲಿಲ್ಲ. ಓದಿದರೆ ನಿನ್ನದು ನಿಜವೆಂದು ಗೊತ್ತಾಗಿಬಿಡುತ್ತದೆ ಎಂಬ ಭಯ.

ಆ ಜಾಗಕ್ಕೆ ಮರಿಗೌಡರು ಬಂದರು. ಮೂರು ತೂಬು ಬಂದವು. ನಿನ್ನ ಕೈಬರಹದಲ್ಲೇ ಬರೆಸಿದೆ.

ಪಿರಿಯಾಪಟ್ಟಣದಲ್ಲಿ ಎರಡನೇ ಬಹುಮಾನ ಸಿಕ್ಕಿತು. ಎಚ್.ಡಿ. ಕೋಟೆ ಕಡೆಯಿಂದ ಬಂದಿದ್ದ ತೀರ್ಪುಗಾರರು, ಹುಡುಗಿ ಆಧಾರಗಳನ್ನು ಬಹಳ ಅಚ್ಚುಕಟ್ಟಾಗಿ ಕೊಟ್ಟಿದ್ದಾಳೆ ಎಂದು ಮೈಕಿನಲ್ಲೇ ಹೊಗಳಿದರು. ಫೋಟೋ ತೆಗೆಸುವಾಗ ನಗಮ್ಮ ಎಂದೆ. ನೀನು ಪ್ರಮಾಣಪತ್ರವನ್ನು ಎದೆಯ ಮಟ್ಟಕ್ಕೆ ಹಿಡಿದು ನೇರ ಕ್ಯಾಮೆರಾ ನೋಡಿದೆ, ನಗಲಿಲ್ಲ. ಬಸ್ಸಿನಲ್ಲಿ ಬರುವಾಗ ಕಿಟಕಿ ಪಕ್ಕ ಕೂತವಳು ಊರು ಬರುವವರೆಗೂ ತಿರುಗಿ ನೋಡಲಿಲ್ಲ. ಆಮೇಲೆ ನೀನು ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹತ್ತನೇ ತರಗತಿ ಮುಗಿಯುವವರೆಗೂ — ಒಂದನ್ನೂ.

ಬಹುಮಾನ ಬಂದ ಮೂರು ನಾಲ್ಕು ದಿನಕ್ಕೆ ಜವರಯ್ಯನವರು ಏರಿಯ ಮೇಲೆ ಸಿಕ್ಕರು. ಹೆಗಲ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಈವತ್ತಿಗೂ ಬಿಟ್ಟಿಲ್ಲ.

"ಮೇಷ್ಟ್ರೇ, ನಾನು ಮಗೀಗೆ ಸುಳ್ಳೇಳ್ಕೊಟ್ಟೆ ಅಂತಾ? ಮನೇಲಿ ಅಂಗಂತು. ತಾತ, ನೀನೇಳಿದ್ದು ಪುಸ್ತಕದಲ್ಲಿಲ್ವಂತೆ ಅಂತು."

"ಹಾಗೇನಿಲ್ಲ ಜವರಯ್ಯ, ದಾಖಲೆ ಬೇಕಲ್ಲ," ಎಂದೆ.

"ದಾಖ್ಲೆ ಬೇಕು ಬುಡಿ," ಎಂದರು. "ನಮ್ಮತ್ರ ಎಲ್ಲಿದ್ದದು."

ಕೆರೆಯ ಕಡೆ ಒಂದು ಸಲ ನೋಡಿ ಹೊರಟುಹೋದರು. ಮೂರು ಕಲ್ಲುಕಂಬಗಳೂ ಅಲ್ಲೇ ನೀರಿನಲ್ಲಿ ನಿಂತಿದ್ದವು. ಕರೆದು ಹೇಳಲು ನನಗೆ ಅದು ಎರಡನೆಯ ಅವಕಾಶ.

ಮೂರನೆಯದು ಮುಂದಿನ ಬೇಸಿಗೆಯಲ್ಲಿ ಬಂತು. ಕೆರೆಯ ಹೂಳೆತ್ತಲು ಜೆಸಿಬಿ ಬಂದಿದ್ದವು. ಕೆಲಸ ಹಿಡಿದಿದ್ದವನು ಊರಿಗೆ ಹೊಸಬ, ಕೈಯಲ್ಲಿ ನನ್ನ ಪುಟದ್ದೇ ಒಂದು ಪ್ರಿಂಟು. ಮೂರು ತೂಬಿನಲ್ಲಿ ಎರಡು ಸರಿಯಿವೆ, ಮೂರನೆಯದರಲ್ಲಿ ನೀರು ಹೋಗುವ ಕಿಂಡಿಯೇ ಇಲ್ಲ, ಕೆಟ್ಟುಹೋಗಿರಬೇಕು, ಕಿತ್ತು ಏರಿಗೆ ಕಲ್ಲು ಹಾಸಿಬಿಡೋಣವೇ ಎಂದು, ಓದಿದವರೆಂದು ನನ್ನನ್ನೇ ಬಂದು ಕೇಳಿದ. ಪವಿತ್ರಾ, ಆಗ ನನಗೆ ಅದು ಅಳತೆ ಕಲ್ಲು ಎಂದು ಗೊತ್ತಿತ್ತು. ನೀನು ಹೇಳಿದ್ದೆಯಲ್ಲ. ಅದು ತೂಬಲ್ಲ ಎಂದರೆ ಮತ್ತೆ ಆ ಪುಟದಲ್ಲಿ ಯಾಕೆ ಹಾಗಿದೆ ಎಂದು ಕೇಳುತ್ತಾನೆ. ಯಾರು ಬರೆದದ್ದು ಎಂದು ಕೇಳುತ್ತಾನೆ. ಅಪ್ಪ ಅಲ್ಲೇ ಹಳದಿ ಬೋರ್ಡಿನ ಪಕ್ಕ ನೆರಳಲ್ಲಿ ನಿಂತಿದ್ದರು.

"ಕಾಗದದಲ್ಲಿ ಹೇಗಿದೆಯೋ ಹಾಗೆ ಮಾಡಿ," ಎಂದೆ.

ಮಧ್ಯಾಹ್ನದೊಳಗೆ ಕಲ್ಲು ಮೇಲೆ ಬಂತು. ಒಡೆದು ಏರಿಯ ಇಳಿಜಾರಿಗೆ ಸೇರಿಸಿದರು. ಜವರಯ್ಯನವರು ಆ ಹೊತ್ತಿಗೆ ಬಂದರಂತೆ, ಆಚೆ ದಡದಲ್ಲಿ ಕೂತಿದ್ದು ಎದ್ದು ಹೋದರಂತೆ. ನಾನು ಅಷ್ಟರಲ್ಲಿ ಮನೆಗೆ ಬಂದಿದ್ದೆ.

ಅಪ್ಪ ತೀರಿಕೊಂಡು ಈಗ ಎರಡು ವರ್ಷ. ಕೊನೆಯವರೆಗೂ ಮರಿಗೌಡರ ಮೊಮ್ಮಗನ ಮಗನೆಂದೇ ಬೀಗುತ್ತಿದ್ದರು. ಅವರಿರುವವರೆಗೆ ಹೇಳಲಾಗಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ಹೋದ ಮೇಲೂ ಹೇಳಲಿಲ್ಲವಲ್ಲ — ಆದ್ದರಿಂದ ಆ ಸಮಾಧಾನಕ್ಕೂ ಬೆಲೆಯಿಲ್ಲ.

ಹೋದ ತಿಂಗಳು ಎಂಟನೇ ತರಗತಿಗೆ ಸ್ಥಳೀಯ ಜಲಮೂಲಗಳ ಪಾಠ ಮಾಡುತ್ತಿದ್ದೆ. ಈಗ ಪುಟ ಹುಡುಕುವುದೂ ಹಳೆಯ ಕಾಲದ ಕೆಲಸವಾಗಿದೆ, ಫೋನಿಗೇ ಪ್ರಶ್ನೆ ಕೇಳುತ್ತಾರೆ. ಪಾಠಕ್ಕೆಂದು ನನ್ನ ಫೋನನ್ನೇ ಕೊಟ್ಟಿದ್ದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ನಮ್ಮೂರ ಕೆರೆ ಕಟ್ಟಿಸಿದವರು ಯಾರು ಎಂದು ಅದನ್ನು ಕೇಳಿದಳು. ಫೋನು ಒಂದಿಷ್ಟೂ ತಡವರಿಸದೆ, ಇಂಪಾದ ಹೆಣ್ಣು ದನಿಯಲ್ಲಿ, ಪಟೇಲ ಮರಿಗೌಡರು ಎಂದಿತು. ಕೆರೆಗೆ ಮೂರು ತೂಬುಗಳಿವೆ ಎಂದಿತು. ಯಾರು ಬರೆದದ್ದು, ಎಲ್ಲಿ ನೋಡಿದ್ದು, ಏನೂ ಇಲ್ಲ. ಮಕ್ಕಳೆಲ್ಲ ಬರೆದುಕೊಂಡರು. ನಾನು ಬೋರ್ಡಿನ ಕಡೆ ತಿರುಗಿ, ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡು, ಅಲ್ಲಿಯೇ ನಿಂತಿದ್ದೆ. ನಾಚಿಕೆಯಾಯಿತು, ತುಂಬ ನಾಚಿಕೆಯಾಯಿತು.

ಆ ಸಂಜೆ ಜಾಲತಾಣದ ಪುಟ ತೆರೆದು ತಿದ್ದಿದೆ. ತೂಬು ಎರಡು, ಮೂರನೆಯದು ಅಳತೆ ಕಲ್ಲು, ಕೆರೆ ಕಟ್ಟಿಸಿದವರು ಯಾರೆಂದು ಗೊತ್ತಿಲ್ಲ. ಬೆಳಗ್ಗೆ ನೋಡಿದರೆ ಯಾರೋ ಅದನ್ನು ತೆಗೆದು ಹಳೆಯದನ್ನೇ ಹಾಕಿದ್ದರು. ಮತ್ತೆ ತಿದ್ದಿದೆ, ಮೊದಲು ಬರೆದವನು ನಾನೇ, ಅದು ಸುಳ್ಳು ಎಂದು ಕಾರಣವನ್ನೂ ಬರೆದೆ. ಅದನ್ನೂ ತೆಗೆದರು. ಬಹಳ ಮರ್ಯಾದೆಯಿಂದಲೇ ಉತ್ತರಿಸಿದ್ದರು: ನಿಮ್ಮ ಸ್ವಂತ ಮಾತು ಆಧಾರವಾಗುವುದಿಲ್ಲ, ಅಚ್ಚಾದ ಆಧಾರವಿದ್ದರೆ ಕೊಡಿ. ಅವರದೇನೂ ತಪ್ಪಿಲ್ಲ. ಅದನ್ನು ಓದಿದಾಗ ಸ್ಟಾಫ್ ರೂಮಿನಲ್ಲಿ ನಿನಗೆ ಹೇಗಾಗಿರಬೇಕು ಎಂದು ಮೊದಲ ಸಲ ಗೊತ್ತಾಯಿತು. ಸ್ವಲ್ಪ ಮಾತ್ರ. ನಾನು ಐವತ್ತೈದು ದಾಟಿದವನು, ನೀನು ಹದಿನಾಲ್ಕರ ಹುಡುಗಿಯಾಗಿದ್ದೆ.

ನಮ್ಮ ಕಡೆಯ ಮೇಷ್ಟ್ರುಗಳು ಕೆಲವರು ಸೇರಿ ತಮ್ಮ ಅನುಭವಗಳ ಪುಸ್ತಕ ತರುತ್ತಿದ್ದಾರೆ, ನನ್ನದೂ ಒಂದು ಬರಹ ಕೇಳಿದ್ದಾರೆ. ಇದೇ ಆ ಬರಹ. ಅಚ್ಚಾದರೆ ಆಧಾರವಾಗುತ್ತದೆ. ಮಿಕ್ಕವರು ತಾವು ಗೆದ್ದ ಪ್ರಶಸ್ತಿ, ಕಟ್ಟಿಸಿದ ಕೊಠಡಿಗಳ ಬಗ್ಗೆ ಬರೆದಿದ್ದಾರೆ. ಅವರ ನಡುವೆ ನನ್ನದು ಸ್ವಲ್ಪ ವಿಚಿತ್ರವಾಗಿ ಕಾಣಬಹುದು.

ಆದರೆ ಅಚ್ಚಿಗೆ ಕೊಡುವ ಮುಂಚೆ ಜವರಯ್ಯನವರಿಗೆ ಓದಿ ಹೇಳಬೇಕಿತ್ತು. ಭಾನುವಾರ ಬೆಳಗ್ಗೆ ನಿಮ್ಮ ಮನೆಗೆ ಹೋದೆ. ನೀನು ಹುಣಸೂರಿನ ಹಾಸ್ಟೆಲಿನಲ್ಲಿದ್ದೀಯ, ಡಿಗ್ರಿ ಕೊನೆಯ ವರ್ಷ ಎಂದು ನಿಮ್ಮಮ್ಮ ಹೇಳಿದರು. ಜವರಯ್ಯನವರು ಜಗುಲಿಯ ಮೇಲೆ ಬಿಸಿಲಿಗೆ ಕೂತಿದ್ದರು. ತುಂಬ ಇಳಿದುಹೋಗಿದ್ದಾರೆ. ನಾನು ಪಕ್ಕದಲ್ಲಿ ಕೂತು, ಇಲ್ಲಿಯವರೆಗೆ ನೀನು ಓದಿದ್ದನ್ನೆಲ್ಲ ಓದಿದೆ. ಏರಿಯ ಮೇಲೆ ಟವೆಲು ಕೈಯಲ್ಲಿ ಹಿಡಿದು ನಿಂತ ಭಾಗ ಬಂದಾಗ ನಾನು ಓದು ನಿಲ್ಲಿಸಿದೆ, ಅವರು ಕಾದರು. ಮುಗಿದ ಮೇಲೆ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅಂಗಾರೆ ಮಗ ಹೇಳಿದ್ದೇ ದಿಟ," ಎಂದರು.

ಹೌದು ಎಂದೆ. ಆ ನಾಲ್ಕು ಗೆರೆಗಳ ಲೆಕ್ಕವನ್ನು ಹೇಳಿ, ಅದನ್ನೂ ಇದರಲ್ಲಿ ಸೇರಿಸುತ್ತೇನೆ, ನಿಮ್ಮ ಹೆಸರಿನಲ್ಲೇ ಹಾಕುತ್ತೇನೆ ಎಂದೆ. ಅವರು ಬೆರಳು ಮಡಿಸಿ ಶುರು ಮಾಡಿದರು. ಮೇಲಿನ ಗೆರೆಗೆ ನೀರು ನಿಂತರೆ ಎಲ್ಲ ಗದ್ದೆಗೂ ಭತ್ತ. ಎರಡನೇ ಗೆರೆಯಾದರೆ ಕೆಳಗಿನ ಬಯಲಿಗೆ ಮಾತ್ರ, ಮೇಲಿನವರು ರಾಗಿಗೆ ಹೋಗಬೇಕು. ತಳದ ಗೆರೆ ಬಂತೆಂದರೆ ಯಾರು ಬಂದು ಕೇಳಿದರೂ, ಪಟೇಲರೇ ಬಂದರೂ, ತೂಬು ಎತ್ತುವಂತಿಲ್ಲ. ಅದು ದನಕರುಗಳ ನೀರು. ನಾನು ಬರೆದುಕೊಂಡೆ. ಮೂರನೇ ಗೆರೆ ಎಂದು ಕೇಳಿದೆ.

ಅವರು ಬೆರಳು ಹಿಡಿದುಕೊಂಡೇ ಇದ್ದರು. ಮತ್ತೆ ಮೊದಲಿಂದ ಮಡಿಸಿದರು. ಮತ್ತೆ ಅಲ್ಲಿಯೇ ನಿಂತರು.

"ಮೂರ್ನೇ ಗೆರೆ ಗ್ಯಾನ್ಕೆ ಬತ್ತಾಯಿಲ್ಲ ಕಣ್ರೀ ಮೇಷ್ಟ್ರೇ. ಕಲ್ಲಿದ್ದಿದ್ರೆ ನೋಡಿದೇಟ್ಗೆ ಹೇಳ್ತಿದ್ನೇನೋ." ಆಮೇಲೆ ಮುಖ ಅರಳಿತು. "ಮಗ ಎಲ್ಲಾನೂ ಬರಕಂಡಿತ್ತಲ್ಲ, ನಿಮ್ಮತ್ರ ಕೊಟ್ಟಿತ್ತಲ್ಲ. ಅದ ನೋಡಿ ಬರೀರಿ."

ಆ ನಾಲ್ಕು ಪುಟ ನನ್ನಲ್ಲಿಲ್ಲ. ಸ್ಟಾಫ್ ರೂಮಿಗೆ ಬಣ್ಣ ಹೊಡೆಸಿದ ವರ್ಷ ಮೇಜುಗಳನ್ನೆಲ್ಲ ಖಾಲಿ ಮಾಡಿದಾಗ ಹಳೆಯ ಉತ್ತರಪತ್ರಿಕೆಗಳ ಜೊತೆ ರದ್ದಿಗೆ ಹೋದವು. ಕಟ್ಟು ಕಟ್ಟಿಕೊಟ್ಟವನು ನಾನೇ. ಜವರಯ್ಯನವರಿಗೆ ಇದನ್ನೂ ಹೇಳಿದೆ. ಅವರು ತಲೆಯಾಡಿಸಿದರು, ನಿಮ್ಮಮ್ಮನನ್ನು ಕರೆದು ನನಗೆ ಕಾಫಿ ತರಲು ಹೇಳಿದರು.

ಕ್ಷಮಿಸು ಎಂದು ಕೇಳಲು ಈ ಬರಹವಲ್ಲ, ಪವಿತ್ರಾ. ಕ್ಷಮೆ ಕೊಡುವುದೂ ಬಿಡುವುದೂ ನಿನಗೆ ಸೇರಿದ್ದು, ಅದನ್ನು ಕೇಳುವ ಮುಖ ನನಗಿಲ್ಲ. ನಾನು ಕೇಳುತ್ತಿರುವುದು ಬೇರೆ. ಮೂರನೆಯ ಗೆರೆಗೆ ಲೆಕ್ಕ ಏನು? ನಿನಗೆ ನೆನಪಿರಬಹುದು, ಇಲ್ಲದೆಯೂ ಇರಬಹುದು. ಅಚ್ಚಿಗೆ ಕೊಡುವುದನ್ನು ತಡೆದಿದ್ದೇನೆ, ಆ ಒಂದು ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ. ಈ ಸಲ ಅದನ್ನು ನಾನು ತುಂಬುವುದಿಲ್ಲ. ನಿನಗೆ ನೆನಪಿದ್ದರೆ ಹೇಳು, ನೀನು ಹೇಳಿದ ಹಾಗೆಯೇ ಬರೆಯುತ್ತೇನೆ. ಇಲ್ಲವಾದರೆ ಆ ಸಾಲು ಖಾಲಿಯಾಗಿಯೇ ಅಚ್ಚಾಗಲಿ, ಕೆಳಗೆ ನನ್ನ ಹೆಸರಿರಲಿ.